ಹನ್ನೊಂದು ಸೆಟ್ ಹಲ್ಲು

ಅವನು ಮೊದಲ ಸಲ ಅವಳ ಕೋಣೆಗೆ ಬಂದದ್ದು ಯಾರದೋ ಬಾಯಿಯ ಹಲ್ಲಿನ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು.

"ಇದು ನಿಮ್ಮ ಕೈಕೆಲಸ ಅಂದ್ರು," ಎನ್ನುತ್ತ ಮೇಜಿನ ಮೇಲೆ ಬಿಚ್ಚಿಟ್ಟ. "ನಾನು ಹೊರಗೆ ನಿಂತಿರೋ ಬಸ್ಸಿನ ಡ್ರೈವರ್. ಹದಿನಾಲ್ಕನೇ ಸೀಟಿನ ಅಜ್ಜಿ ಕಿಟಕಿಯಿಂದ ವಾಂತಿ ಮಾಡಿದ್ರು. ತಿಂದಿದ್ದರ ಜೊತೆ ಇದೂ ಹೋಯ್ತು. ಬಸ್ ನಿಲ್ಲಿಸಿ ಹಿಂದಕ್ಕೆ ಹೋಗಿ ಹುಡುಕಿದೆ. ಚರಂಡಿ ಪಕ್ಕ ಬಿದ್ದಿತ್ತು."

"ಬರಿಗೈಯಲ್ಲಿ ಎತ್ತಿದ್ರಾ?"

"ಕಾಲಲ್ಲಿ ಎತ್ತೋಕೆ ಬರಲ್ವಲ್ಲ."

"ಥೂ!"

"ತೊಳೆದಿದೀನಿ ರೀ, ಸೋಪು ಹಾಕಿ, ಮೂರು ಸಲ. ಒಂದು ಹಲ್ಲು ಹಾರಿಹೋಗಿದೆ, ಕೂರಿಸಿಕೊಡಿ. ಪಾಪ, ಅಜ್ಜಿ ಬಾಯಿಗೆ ಕೈ ಅಡ್ಡ ಇಟ್ಕೊಂಡು ಕೂತಿದಾರೆ."

ಅವಳು ಸೆಟ್ಟನ್ನು ಚಿಮಟದಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು. ಹದಿನೆಂಟು ವರ್ಷದಿಂದ ಅವಳ ಬದುಕು ಇಷ್ಟೇ. ಭಾವನ ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆ, ಅಚ್ಚು ತೆಗೆಯುವ ಪ್ಲಾಸ್ಟರಿನ ಧೂಳು, ಸ್ಪಿರಿಟ್ ದೀಪ, ಮೇಣ. ಮುಂದಿನ ಕೋಣೆಯಲ್ಲಿ ಭಾವ ಹಲ್ಲು ಕೀಳುತ್ತಾನೆ, ಅಕ್ಕ ಕೌಂಟರಿನಲ್ಲಿ ಕೂರುತ್ತಾಳೆ, ಕಿತ್ತ ಜಾಗಕ್ಕೆ ಇವಳು ಹೊಸ ಹಲ್ಲು ಕಟ್ಟುತ್ತಾಳೆ. ನಲವತ್ತು ದಾಟಿದೆ. ಮದುವೆಯ ಮಾತು ಬಂದಾಗಲೆಲ್ಲ ಭಾವ, "ಇವಳು ಹೋದ್ರೆ ಹಲ್ಲು ಯಾರು ಕಟ್ತಾರೆ?" ಎಂದು ನಗುತ್ತಿದ್ದ. ನಗುನಗುತ್ತಲೇ ಬಂದ ಗಂಡುಗಳನ್ನೆಲ್ಲ ಸಾಗಹಾಕಿದ. ಅವಳೂ ತಲೆ ಕೆಡಿಸಿಕೊಳ್ಳಲಿಲ್ಲ. ಮನುಷ್ಯರ ಬಾಯಿ ಎಂದರೆ ಅವಳಿಗೆ ಹೇಸಿಗೆ. ಯಾರಾದರೂ ನಕ್ಕರೆ ಮೊದಲು ಕಾಣುವುದು ಒಸಡು, ಆಮೇಲೆ ಹುಳುಕು, ಆಮೇಲೆ ಬೆಳಗ್ಗೆ ತಿಂದದ್ದು.

ಈ ಡ್ರೈವರ್ ಮಾತ್ರ ಕಂಡವರ ಹಲ್ಲು ತೊಳೆದು ತಂದಿದ್ದ, ಮುಖ ಕಿವುಚಿರಲಿಲ್ಲ.

ಹಲ್ಲು ಕೂರಿಸುವ ಅರ್ಧ ಗಂಟೆಯೂ ಅವಳು ಕಣ್ಣೆತ್ತಲಿಲ್ಲ. ಅವನು ಹೋಗುವಾಗ ನೋಡಿದಳು. ಕುತ್ತಿಗೆಯ ಹಿಂದೆ ಕೂದಲು ಸೊಟ್ಟಗೆ ಕತ್ತರಿಸಿತ್ತು. ತಾನೇ ಕತ್ತರಿಸಿಕೊಂಡಿರಬೇಕು, ಮನೆಯಲ್ಲಿ ಹಿಂದೆ ನಿಂತು ನೋಡುವವರಿಲ್ಲ ಎಂದುಕೊಂಡಳು. ಅಂದುಕೊಂಡದ್ದಕ್ಕೆ ತನ್ನ ಮೇಲೇ ರೇಗಿದಳು.

ಅದು ಗಡಿಯಾಚೆಯವರ ನೋಟು ಏರಿದ ಕಾಲ. ಗಡಿಯ ಆಚೆಗೂ ಈಚೆಗೂ ಭಾಷೆ ಒಂದೇ, ಬೈಗುಳವೂ ಒಂದೇ, ನೋಟು ಮಾತ್ರ ಬೇರೆ. ಅವರ ಒಂದಕ್ಕೆ ನಮ್ಮ ಎರಡು ಬರುತ್ತಿದ್ದದ್ದು ಮೂರಾಯಿತು, ಮೂರೂವರೆಯಾಯಿತು. ಮಂಗಳವಾರ, ಶನಿವಾರ ಬಸ್ಸು ತುಂಬಿಕೊಂಡು ಬಂದರು, ಖಾಲಿ ಸೂಟ್‌ಕೇಸು ಎಳೆದುಕೊಂಡು. ಸೋಪಿನ ಪುಡಿ, ಎಣ್ಣೆ, ಹಾಸಿಗೆ, ಕನ್ನಡಕ, ಕೊನೆಗೆ ಹಲ್ಲು. ಅವರ ಊರಿನಲ್ಲಿ ಎರಡು ಹಲ್ಲಿಗೆ ಆಗುವ ಖರ್ಚಿನಲ್ಲಿ ಇಲ್ಲಿ ಬಾಯಿ ತುಂಬ ಬರುತ್ತಿತ್ತು. ಅಂಗಡಿಯವರು ಬೋರ್ಡಿನಲ್ಲಿ ನಮ್ಮ ಬೆಲೆ ಅಳಿಸಿ ಅವರ ಬೆಲೆ ಬರೆದರು. ಪಕ್ಕದ ಮನೆಯವಳು ಎಣ್ಣೆ ಕೇಳಿದರೆ ಸ್ಟಾಕ್ ಇಲ್ಲ, ಆಚೆಯವನು ಕೇಳಿದರೆ ಒಳಗಿನಿಂದ ಡಬ್ಬಗಟ್ಟಲೆ. ನಾಯಿಯಾದರೂ ತುತ್ತು ಹಾಕಿದ ಮನೆಯನ್ನು ನೆನಪಿಡುತ್ತದೆ. ಈ ಪೇಟೆ ಬೆಳಗಿನ ರೇಟು ನೋಡಿ ಯಾರಿಗೆ ಬಾಲ ಅಲ್ಲಾಡಿಸಬೇಕೆಂದು ತೀರ್ಮಾನಿಸುತ್ತಿತ್ತು.

ಡ್ರೈವರೂ ಆಚೆಯವನೇ, ಬಸ್ಸಿನವರ ಶಾಪಿಂಗ್ ಮುಗಿಯುವ ತನಕ ಅವನಿಗೆ ಕೆಲಸವಿಲ್ಲ.

"ಡಾಕ್ಟ್ರಮ್ಮಾ, ಒಳಗೆ ಬರಬಹುದಾ?"

"ನಾನು ಡಾಕ್ಟ್ರಲ್ಲ. ಕಾಲೊರೆಸಿಕೊಂಡು ಬನ್ನಿ."

ಮೂಲೆಯ ಸ್ಟೂಲಿನಲ್ಲಿ ಕೂತು ಅವಳು ಮೇಣದಲ್ಲಿ ಒಂದೊಂದೇ ಹಲ್ಲು ಜೋಡಿಸುವುದನ್ನು ನೋಡುತ್ತಿದ್ದ. ಜನ ಸಿನಿಮಾವನ್ನೂ ಅಷ್ಟು ಕಣ್ಣಿಟ್ಟು ನೋಡುವುದಿಲ್ಲ.

"ಏನು ನೋಡ್ತೀರಾ?"

"ಹುಬ್ಬಿನ ಮೇಲೆ ಪ್ಲಾಸ್ಟರ್ ಇದೆ."

ಒರೆಸಿಕೊಂಡಳು.

"ಆ ಕಡೆ ಅಲ್ಲ."

ಈ ಕಡೆ ಒರೆಸಿದಳು.

"ಈಗ ಎರಡೂ ಕಡೆ ಆಯ್ತು."

ಬೆರಳೆಲ್ಲ ಪ್ಲಾಸ್ಟರೇ ಆಗಿತ್ತು. ಅವನು ತುಟಿ ಬಿಚ್ಚದೆ, ಕಣ್ಣಿನ ಕೊನೆಯಲ್ಲಿ ನಕ್ಕ. ಕಿವಿ ಬಿಸಿಯಾದದ್ದು ಸ್ಪಿರಿಟ್ ದೀಪದಿಂದ ಎಂದು ಅವಳು ತನಗೇ ಹೇಳಿಕೊಂಡಳು.

"ಇಲ್ಲಿ ಬಂದು ಕೂರ್ತೀರಲ್ಲ, ಹೆಂಡ್ತಿ ಮಕ್ಕಳಿಲ್ವಾ?"

"ಹೆಂಡ್ತಿ ಇದ್ಲು. ಡ್ರೈವರ್ ಜೊತೆ ಸಂಸಾರ ಮಾಡೋದೂ ಒಂದೇ, ಬಸ್ ಸ್ಟಾಪಲ್ಲಿ ನಿಂತಿರೋದೂ ಒಂದೇ ಅಂದ್ಲು. ಬಿಟ್ಟು ಹೋಗಿ ಹನ್ನೆರಡು ವರ್ಷ ಆಯ್ತು. ಈಗ ಮನೇಲಿ ನಾನು, ನಮ್ಮ ಚಿಕ್ಕಮ್ಮ. ನಿಮ್ಗೆ?"

"ನಂಗೆ ಗಂಡಸರ ಬಾಯಿ ಕಂಡ್ರೆ ಆಗಲ್ಲ."

"ಹಾಗಾದ್ರೆ ಮಾತು ಕಮ್ಮಿ ಮಾಡ್ತೀನಿ."

ಅವಳು ನಕ್ಕುಬಿಟ್ಟಳು. ತನ್ನ ಹಲ್ಲು ಕಾಣುವ ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಒಂದು ಶನಿವಾರ ನೀರು ಹಿಡಿಯಲು ಹೊರಗೆ ಬಂದವಳು, ಭಾವ ಮೆಟ್ಟಿಲ ಕೆಳಗೆ ಡ್ರೈವರನ ಕೈಗೆ ಲಕೋಟೆ ತುರುಕುವುದನ್ನು ನೋಡಿದಳು. ಹಾಸಿಗೆಯಂಗಡಿಯವನೂ ಕನ್ನಡಕದವನೂ ಬಸ್ಸಿನವರಿಗೆ ಕೊಡುವಂಥದೇ ಲಕೋಟೆ. ಗಿರಾಕಿ ತಂದದ್ದಕ್ಕೆ ಕಮಿಷನ್.

ಅವನು ಒಳಗೆ ಬಂದಾಗ ಕೇಳಿದಳು. "ಬಾಯಿಗೆಷ್ಟು?"

ಅವನು ಸುಳ್ಳು ಹೇಳಲಿಲ್ಲ. "ನೂರು. ಎಲ್ಲಾ ಡ್ರೈವರ್‌ಗಳೂ ತಗೋತಾರೆ."

"ಊರೆಲ್ಲಾ ಹೇಲು ತಿಂದ್ರೆ ನೀವೂ ತಿಂತೀರಾ? ಎದ್ದೇಳಿ. ಸ್ಟೂಲು ಬಿಡಿ."

"ಒಂದು ಮಾತು..."

"ಚರಂಡಿ ಪಕ್ಕದ ಹಲ್ಲು ಎತ್ತಿದಾಗ ನಿಮ್ಮ ಕೈ ಗಲೀಜಾಗಿರಲಿಲ್ಲ. ಈಗ ಆಗಿದೆ."

ಅವನು ಹೋದ. ಆ ದಿನ ಅವಳು ಕಟ್ಟಿದ ಸೆಟ್ಟಿನಲ್ಲಿ ಎಡಗಡೆಯ ಕೋರೆಹಲ್ಲು ಬಲಕ್ಕೂ ಬಲಗಡೆಯದು ಎಡಕ್ಕೂ ಕೂತುಬಿಟ್ಟವು. ಹದಿನೆಂಟು ವರ್ಷದಲ್ಲಿ ಮೊದಲ ಸಲ.

ಐದು ವಾರ ಕಳೆಯುವಷ್ಟರಲ್ಲಿ ಆಚೆಯವರ ನೋಟು ಬಿತ್ತು. ಯಾಕೆ ಬಿತ್ತು ಎಂದು ಟೀವಿಯಲ್ಲಿ ಕೋಟು ಹಾಕಿಕೊಂಡವರು ನೂರು ಕಾರಣ ಹೇಳಿದರು. ಮೂರೂವರೆ ಇದ್ದದ್ದು ಒಂದು ವಾರದಲ್ಲಿ ಒಂದೂವರೆಗೆ ಬಂದು ಕೂತಿತು. ಪೇಟೆ ಮಗ್ಗುಲು ಬದಲಾಯಿಸಿತು. ನಿನ್ನೆಯವರೆಗೆ ಆಚೆಯವರ ಸೂಟ್‌ಕೇಸು ನೋಡಿ ಮೂಗು ಮುರಿಯುತ್ತಿದ್ದ ನಮ್ಮವರೇ ಅಂಥದೇ ಸೂಟ್‌ಕೇಸು ಹಿಡಿದು ಬಸ್ಸಿಗೆ ಸಾಲು ನಿಂತರು. ಬಸ್ಸು ಖಾಲಿ ಬಂದು ನಮ್ಮವರನ್ನು ತುಂಬಿಕೊಂಡು ಹೋಗತೊಡಗಿತು.

ಅವಳ ಶೆಲ್ಫಿನಲ್ಲಿ ಹನ್ನೊಂದು ಡಬ್ಬಗಳಿದ್ದವು, ಒಳಗೆ ಕಟ್ಟಿ ಮುಗಿದ ಸೆಟ್ಟು, ಮೇಲೆ ಆಸ್ಪತ್ರೆಯ ಚೀಟಿಯಲ್ಲಿ ಹೆಸರು. ಹನ್ನೊಂದು ಜನ ಆಚೆಯವರು ಎರಡು ತಿಂಗಳ ಹಿಂದೆ ಪೂರ್ತಿ ಹಣ ಕೊಟ್ಟು ಇದ್ದಬದ್ದ ಹಲ್ಲೆಲ್ಲ ಕೀಳಿಸಿಕೊಂಡು, ಒಸಡು ಮಾಗಲಿ ಎಂದು ಹೋಗಿದ್ದರು. ಅವರು ಕೊಟ್ಟ ನೋಟನ್ನು ಭಾವ ಅವತ್ತೇ ಬದಲಾಯಿಸಬಹುದಿತ್ತು. ಇನ್ನೂ ಏರುತ್ತದೆ, ಏರಲಿ ಎಂದು ಬೀರುವಿನಲ್ಲಿ ಕಾವಿಗೆ ಕೂರಿಸಿದ. ಮೊಟ್ಟೆ ಕೊಳೆಯಿತು.

ಮಂಗಳವಾರ ಡ್ರೈವರ್ ಬಂದಾಗ ಭಾವ, ಅಕ್ಕ ಇಬ್ಬರೂ ಹೊಸ ಬಟ್ಟೆ ಹಾಕಿಕೊಂಡು ತಯಾರಾಗಿದ್ದರು. ಅವಳು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

"ಬಂದ್ಯಾ! ಮುಂದೆ ಎರಡು ಸೀಟು ಹಿಡಿದಿಡಪ್ಪಾ," ಎಂದ ಭಾವ. "ಫ್ರಿಜ್ಜು ತರ್ಬೇಕು. ನಿಮ್ಮ ಕಡೆ ಈಗ ಪುಕ್ಕಟೆ ಬಿದ್ದ ಹಾಗಿದೆಯಂತೆ."

"ಸೀಟು ಆಮೇಲೆ ಸಾರ್. ಹನ್ನೊಂದು ಜನರ ಹಲ್ಲು ಕೊಡಿ."

"ವ್ಯತ್ಯಾಸದ ದುಡ್ಡು ತಂದ್ಯಾ?"

"ಯಾವ ವ್ಯತ್ಯಾಸ? ಪೂರ್ತಿ ಕೊಟ್ಟಿದಾರಲ್ಲ."

"ಆ ರೇಟು ಬೇರೆ, ಇವತ್ತಿನ ರೇಟು ಬೇರೆ. ಅವರು ಕೊಟ್ಟ ಕಾಗದ ಈಗ ಕೈ ಒರೆಸೋಕೂ ಬರಲ್ಲ. ಇನ್ನಷ್ಟು ತರ್ಲಿ, ಹಲ್ಲು ತಗೊಂಡು ಹೋಗ್ಲಿ."

"ಅವತ್ತೇ ಬದಲಾಯಿಸ್ಕೋಬೇಕಿತ್ತು ನೀವು."

"ಬುದ್ಧಿ ಹೇಳ್ತೀಯೇನೋ? ಬಾಯಿಗಿಷ್ಟು ಅಂತ ಎಣಿಸಿ ತಿಂದೋನು ನೀನು!"

ಡ್ರೈವರನ ಮುಖ ಕಪ್ಪಿಟ್ಟಿತು. "ತಿಂದಿದೀನಿ ಸಾರ್. ಅದಕ್ಕೇ ಬಂದಿರೋದು. ನನ್ನ ಮಾತು ನಂಬಿ ಆ ಜನ ಬಾಯಿ ಬೋಳು ಮಾಡ್ಕೊಂಡ್ರು. ನಮ್ಮ ಚಿಕ್ಕಮ್ಮನೂ ಅದರಲ್ಲಿ ಒಬ್ಳು. ಎರಡು ತಿಂಗಳಿಂದ ಅರೆದಿದ್ದು ನುಂಗ್ತಾ ಇದಾರೆ. ಬೀದೀಲಿ ತಲೆ ಎತ್ತೋಕಾಗ್ತಿಲ್ಲ ನಂಗೆ." ಜೇಬಿನಿಂದ ಲಕೋಟೆಗಳ ಕಟ್ಟು ತೆಗೆದು ಕೌಂಟರಿನ ಮೇಲಿಟ್ಟ. "ನೀವು ಕೊಟ್ಟಿದ್ದು, ಪೂರ್ತಿ. ತಗೊಂಡು ಹಲ್ಲು ಕೊಡಿ."

ಅದು ನಮ್ಮ ನೋಟು. ಆಚೆ ಈಗ ಅದಕ್ಕೆ ಎರಡರಷ್ಟು ಬೆಲೆ. ಅವನು ಅದನ್ನು ಅಲ್ಲಿ ಖರ್ಚು ಮಾಡಿದ್ದರೆ ಹೊಸ ಟೀವಿ ಬರುತ್ತಿತ್ತು. ಅವಳಿಗೆ ಅದು ಒಂದೇ ಕ್ಷಣದಲ್ಲಿ ಹೊಳೆಯಿತು.

ಭಾವನಿಗೂ ಹೊಳೆಯಿತು. ಲಕೋಟೆಗಳನ್ನು ಜೇಬಿಗೆ ಸೇರಿಸಿದ. "ಇದು ನನ್ನದೇ ದುಡ್ಡು, ನನಗೇ ಬಂತು. ಹಲ್ಲಿನ ವಿಷ್ಯ ಬೇರೆ."

ಹದಿನೆಂಟು ವರ್ಷದಲ್ಲಿ ಕೀವು ನೋಡಿದ್ದಾಳೆ, ಹುಳುಕು ನೋಡಿದ್ದಾಳೆ, ಪ್ಲಾಸ್ಟರಿನಲ್ಲಿ ಮೆತ್ತಿಕೊಂಡ ತಂಬಾಕು ನೋಡಿದ್ದಾಳೆ. ಇಷ್ಟು ವಾಕರಿಕೆ ಎಂದೂ ಬಂದಿರಲಿಲ್ಲ.

ಒಳಗೆ ಹೋದಳು. ಹನ್ನೊಂದು ಡಬ್ಬಗಳನ್ನು ಒಂದು ಪೆಟ್ಟಿಗೆಗೆ ಹಾಕಿದಳು. ಮೇಲೆ ಅರ, ಬ್ಯಾಟರಿ ಮೋಟಾರು, ಕಚ್ಚಿಸಿ ನೋಡುವ ನೀಲಿ ಕಾಗದ. ಹಿಂದಿನ ಬಾಗಿಲಿತ್ತು. ಮುಂದಿನಿಂದಲೇ ಹೊರಟಳು.

"ಎಲ್ಲಿಗೆ?"

"ಹಲ್ಲು ಕೂರ್ಸೋಕೆ. ಡಬ್ಬ ಕೈಗೆ ಕೊಟ್ರೆ ಆಗಲ್ಲ, ಬಾಯೊಳಗಿಟ್ಟು ಕಚ್ಚಿಸಿ ಉಜ್ಜಬೇಕು."

"ಅದು ನನ್ನ ಮಾಲು!"

"ಅವರು ದುಡ್ಡು ಕೊಟ್ಟಿದ್ದು, ನಾನು ಕೈಯಾರೆ ಮಾಡಿದ್ದು. ನಿಮ್ದು ಅಂತ ಇರೋದು ಡಬ್ಬದ ಮೇಲಿನ ಚೀಟಿ. ಬೇಕಾದ್ರೆ ಕಿತ್ತು ಕೊಡ್ತೀನಿ ಭಾವ."

"ಬಾಗಿಲು ದಾಟಿದ್ರೆ ತಿರುಗಿ ಬರ್ಬೇಡ!"

"ಇಷ್ಟು ವರ್ಷ ಎಲ್ಲರ ಬಾಯಿ ನೋಡ್ದೆ, ನಿಮ್ಮದೊಂದು ಬಾಕಿ ಇತ್ತು. ಇವತ್ತು ನೋಡ್ದೆ. ಇಷ್ಟು ನಾತ ಯಾವುದೂ ಹೊಡೀತಿರಲಿಲ್ಲ."

ಅಕ್ಕ ಕೈಚೀಲ ಅವುಚಿಕೊಂಡು ನಿಂತಿದ್ದಳು. ಗಂಡನ ಮುಖ ನೋಡಲಿಲ್ಲ. "ಸಂಜೆ ಊಟಕ್ಕೆ ಬರ್ತೀಯೇನೇ?" ಎಂದಳು.

"ನಂಗೆ ಎತ್ತಿಡಬೇಡ ಅಕ್ಕಾ."

ಡ್ರೈವರ್ ಪೆಟ್ಟಿಗೆ ತೆಗೆದುಕೊಂಡು ಭಾವನ ಕಡೆ ತಿರುಗಿದ. "ನಿಮ್ಮ ಸೀಟು ಭರ್ತಿ ಆಯ್ತು ಸಾರ್."

ಬಸ್ಸಿನಲ್ಲಿ ನಮ್ಮವರು ಕಿಕ್ಕಿರಿದಿದ್ದರು. ಆಚೆ ಟೀವಿ ಎಷ್ಟಂತೆ, ಬೂಟು ಎಷ್ಟಂತೆ, ಪಾಪ ಅವರ ಗತಿ ನೋಡಿ ಎಂದು ಬಾಯಿ ಚಪ್ಪರಿಸುತ್ತಿದ್ದರು. ಅವಳು ಮುಂದಿನ ಸೀಟಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

"ಲಕೋಟೆ ಖರ್ಚು ಮಾಡಿರಲಿಲ್ವಾ?"

"ಮೊದಲಿಂದು ಮಾಡಿದ್ದೆ. ಸಂಬಳದಿಂದ ಸೇರಿಸಿ ಹಾಕ್ದೆ. ನೀವು ಎಬ್ಬಿಸಿ ಕಳಿಸಿದ ಮೇಲೆ ಒಂದೂ ತಗೊಂಡಿಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಒಳಗೆ ಬಿಡ್ಬೇಕಲ್ಲ."

ತಲೆಯ ಮೇಲಿನ ಕನ್ನಡಿಯಲ್ಲಿ ಅವನ ಕಣ್ಣು ಅವಳನ್ನು ಹುಡುಕಿತು, ಸಿಕ್ಕಿತು, ಅಲ್ಲೇ ನಿಂತಿತು. ಎದುರಿನಿಂದ ಲಾರಿಯೊಂದು ಬರುತ್ತಿತ್ತು.

"ಮುಂದೆ ನೋಡ್ಕೊಂಡು ಓಡಿಸು!"

ನೀವು ಎಂಬುದು ಯಾವ ತಿರುವಿನಲ್ಲಿ ಉದುರಿತೋ ಇಬ್ಬರೂ ವಿಚಾರಿಸಲಿಲ್ಲ. ಅವನ ಕಿವಿ ಮಾತ್ರ ಕೆಂಪಗಾಯಿತು.

ಗಡಿಯ ಗೇಟಿನಲ್ಲಿ ಅಧಿಕಾರಿ ಪೆಟ್ಟಿಗೆಯ ಮುಚ್ಚಳ ತೆಗೆಸಿ, ಒಂದು ಡಬ್ಬ ಬಿಚ್ಚಿ, ಬೆಂಕಿ ಮುಟ್ಟಿದವನ ಹಾಗೆ ಕೈ ಹಿಂದಕ್ಕೆಳೆದುಕೊಂಡ. "ಏನಮ್ಮಾ ಇದು! ಮಾರೋಕಾ?"

"ಹನ್ನೊಂದು ಡಬ್ಬದಲ್ಲೂ ಹಲ್ಲೇ. ಒಂದೊಂದಕ್ಕೂ ಒಡೆಯರಿದಾರೆ, ಎರಡು ತಿಂಗಳಿಂದ ಅಗಿದಿಲ್ಲ. ನಿಮಗೆ ಅನುಮಾನ ಇದ್ರೆ ಹಾಕ್ಕೊಂಡು ನೋಡಿ."

"ಹೋಗಿ, ಹೋಗಿ," ಎಂದು ಅವನು ಮುಖ ತಿರುಗಿಸಿದ.

ಡ್ರೈವರನ ಬೀದಿಯಲ್ಲಿ, ಬಸ್ ಶೆಡ್ಡಿನೊಳಗೆ, ಹಲ್ಲು ತರುತ್ತೇನೆಂದ ಅವನ ಮಾತು ನಂಬಿ ಹನ್ನೊಂದು ಜನ ಬೆಂಚಿನ ಮೇಲೆ ಕೂತಿದ್ದರು, ಕೆನ್ನೆಗಳು ಗುಳಿಬಿದ್ದಿದ್ದವು. ಶಾಪಿಂಗಿನವರು ಪೇಟೆಗೆ ನುಗ್ಗಿದರು. ಅವಳು ಕೆಲಸಕ್ಕೆ ಕೂತಳು. ಬಾಯಿಗಿಡು, ಕಚ್ಚು, ತೆಗಿ, ನೀಲಿ ಗುರುತು ಬಿದ್ದಲ್ಲಿ ಉಜ್ಜು, ಮತ್ತೆ ಇಡು. ಡ್ರೈವರ್ ಬಕೆಟ್ಟು ಹಿಡಿದು ಪಕ್ಕದಲ್ಲಿ ನಿಂತು ಪ್ರತಿ ಸೆಟ್ಟನ್ನೂ ತೊಳೆದು ಕೊಡುತ್ತಿದ್ದ. ಜೊಲ್ಲು ಅವನ ತೋಳಿನ ಮೇಲೆ ಇಳಿಯುತ್ತಿತ್ತು. ಅವಳಿಗೆ ಹೇಸಿಗೆಯಾಗುತ್ತಿತ್ತು, ಆದರೂ ಆ ತೋಳಿನಿಂದ ಕಣ್ಣು ಕೀಳಲಾಗುತ್ತಿರಲಿಲ್ಲ.

ಕೊನೆಗೆ ಉಳಿದವಳು ಚಿಕ್ಕಮ್ಮ. ಎರಡು ಸಲ ಕಚ್ಚಿದಳು, ಒಳಗೆಲ್ಲ ನಾಲಿಗೆ ಹೊರಳಿಸಿದಳು. ಶಾಪಿಂಗಿನವರು ಗಂಟುಮೂಟೆ ಹೊತ್ತು ವಾಪಸ್ ಬರುತ್ತಿದ್ದರು. ಹೊರಡುವ ಹೊತ್ತಾಗಿತ್ತು.

"ಏನೋ," ಎಂದಳು ಚಿಕ್ಕಮ್ಮ, ಎರಡು ತಿಂಗಳಲ್ಲಿ ಮೊದಲ ಸಲ ಸ್ಪಷ್ಟವಾಗಿ. "ಇವಳನ್ನೂ ಅವರ ಜೊತೆ ತುಂಬ್ಕೊಂಡು ಹೋಗಿ ಬಿಟ್ಟು ಬರ್ತೀಯಾ?"

"ಇವರು ಹೇಗೆ ಹೇಳಿದ್ರೆ ಹಾಗೆ ಚಿಕ್ಕಮ್ಮ."

"ಅವಳು ಹೇಳೋಕೆ ನೀನು ಕೇಳ್ಬೇಕಲ್ಲೋ ದಡ್ಡ. ದಿನಾ ರಾತ್ರಿ ಇವಳ ವಿಷ್ಯ ಹೇಳಿ ನನ್ನ ತಲೆ ತಿಂದೆ. ಹಲ್ಲಿಲ್ಲ, ತಿರುಗಿ ಬಯ್ಯಲ್ಲ ಅಂತ ಧೈರ್ಯ ನಿಂಗೆ. ಈಗ ಅವಳಿಗೆ ಹೇಳು."

ಅವನು ಬಕೆಟ್ಟು ಕೆಳಗಿಟ್ಟ. ಒದ್ದೆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಂದೆ ಕಟ್ಟಿಕೊಂಡ.

"ಶೆಡ್ಡಿನ ಪಕ್ಕ ಒಂದು ರೂಮು ಖಾಲಿ ಇದೆ. ಬೆಳಕು ಚೆನ್ನಾಗಿದೆ. ದೀಪ, ಮೇಣ, ಎಲ್ಲಾ ಇಟ್ಕೋಬಹುದು. ಹಲ್ಲು ಬೇಕಾದೋರು ಎಲ್ಲಾ ಕಡೆ ಇರ್ತಾರೆ, ಯಾರ ನೋಟು ಏರ್ಲಿ, ಯಾರದ್ದು ಇಳೀಲಿ. ರೂಮಿನ ಗೋಡೆ ಆಚೆಗೆ ನಮ್ಮ ಮನೆ." ಗೋಡೆಯ ಕಡೆ ಗಲ್ಲದಲ್ಲೇ ತೋರಿಸಿದ. "ಗೋಡೆ ಒಡೆಸಿ ನಡುವೆ ಬಾಗಿಲು ಇಡಿಸ್ತೀನಿ. ನೀನು ಇಲ್ಲೇ ಇದ್ದುಬಿಡು. ನನ್ನ ಜೊತೆ."

ಹನ್ನೊಂದು ಹೊಸ ಬಾಯಿಗಳು ಒಟ್ಟಿಗೆ ತೆರೆದುಕೊಂಡವು. ಸಾಲಾಗಿ ಗುಲಾಬಿ ಒಸಡು, ನೀಲಿ ಮೆತ್ತಿದ ಹಲ್ಲು, ಗಲ್ಲದ ಮೇಲೆ ಜೊಲ್ಲು. ಎಲ್ಲರೂ ಅವಳನ್ನೇ ನೋಡಿ ಕಿವಿಯ ತನಕ ನಗುತ್ತಿದ್ದರು. ಅವಳಿಗೆ ಹೇಸಿಗೆಯೂ ಆಯಿತು, ಕಣ್ಣೂ ತುಂಬಿತು, ಯಾವುದು ಮೊದಲೋ ಗೊತ್ತಾಗಲಿಲ್ಲ.

"ಥೂ! ಎಲ್ಲರೂ ಮೊದಲು ಬಾಯಿ ಮುಚ್ಚಿ!" ಎಂದು ರೇಗಿದಳು. "ಹೀಗೆ ಹಲ್ಲು ಕಿರೀತಾ ಕೂತ್ರೆ ನಾನು ಒಪ್ಕೊಳ್ಳೋದು ಹೇಗೆ?"

ಹನ್ನೊಂದೂ ಬಾಯಿ ಟಪ್ಪೆಂದು ಮುಚ್ಚಿದವು.

"ಹ್ಞೂಂ," ಎಂದಳು ಅವಳು.