ಜ್ವರವಿಲ್ಲದ ಕಾಯಿಲೆ

ಶಿವನಂಜಿ ರಾಗಿ ತುಂಬುವ ವಾಡೆಯ ಹಿಂದೆ ಉಸಿರು ಬಿಗಿಹಿಡಿದು ಕೂತಿದ್ದಳು. ಸ್ಕೂಲಿಗೆ ಹೋಗುತ್ತೇನೆಂದು ಕೂಗಿ ಹೇಳಿ, ಹಿತ್ತಿಲ ಬಾಗಿಲಿಂದ ಕಳ್ಳಹೆಜ್ಜೆಯಲ್ಲಿ ಮತ್ತೆ ಒಳಗೆ ಬಂದಿದ್ದಳು. ಇವತ್ತು ಅವ್ವನ ನಾಟಕ ಹಿಡಿಯಲೇಬೇಕು.

ಅವ್ವ ಪುಟ್ಟಮಲ್ಲಮ್ಮ ಗೋಡೆಗೊರಗಿ ಕೂತು ಎರಡು ತಿಂಗಳಾಗಿತ್ತು. ಒಲೆ ಹಚ್ಚುತ್ತಿರಲಿಲ್ಲ, ತಲೆ ಬಾಚುತ್ತಿರಲಿಲ್ಲ, ಕರೆದರೆ ಮಾತಿಲ್ಲ. ಅಪ್ಪ ನಂಜಣ್ಣ ಇದು ಕಾಯಿಲೆಯೇ, ಹುಣಸೂರಿನ ಡಾಕ್ಟರಿಗೆ ತೋರಿಸೋಣ ಎನ್ನುತ್ತಿದ್ದ. ಅಜ್ಜಿ ಸುಂದ್ರಮ್ಮ ಸುತರಾಂ ಒಪ್ಪುತ್ತಿರಲಿಲ್ಲ.

"ಜ್ವರ ಇಲ್ಲ, ಗಾಯ ಇಲ್ಲ. ಇದ್ಯಾವ ಸೀಮೆ ಕಾಯ್ಲೆ? ಮೈಗಳ್ಳತನ ಕಣಪ್ಪ, ಬುಡು."

ಸ್ಕೂಲಿನಲ್ಲಿ ಗೆಳತಿ ಚಿಕ್ಕಬೀರಮ್ಮ ಎಲ್ಲರ ಮುಂದೆ ಕೇಳಿಯೇಬಿಟ್ಟಿದ್ದಳು, ನಿಮ್ಮವ್ವ ಕಾಯಿಲೆ ಆಟ ಆಡ್ತಾರಂತೆ, ಹೌದೇನೆ ಎಂದು. ಶಿವನಂಜಿಗೆ ನಾಚಿಕೆಯಿಂದ ಅಳು ಬಂದಿತ್ತು. ಅವ್ವ ಮಲಗಿದ್ದಾಗ ಎಷ್ಟೋ ಸಲ ಹಣೆ ಮುಟ್ಟಿ ನೋಡಿದ್ದಳು. ಒಂದು ಸಲವೂ ಬಿಸಿ ಇರಲಿಲ್ಲ.

ಅಪ್ಪನೂ ಅಜ್ಜಿಯೂ ಹೊಲಕ್ಕೆ ಹೋದರು. ಮನೆಯೆಲ್ಲ ನಿಶ್ಶಬ್ದ. ಸ್ವಲ್ಪ ಹೊತ್ತಿಗೆ ಅವ್ವ ಎದ್ದಳು!

ಅವ್ವ ಸಿಕ್ಕಿಬಿದ್ದಳು, ಎಂದುಕೊಂಡಳು ಶಿವನಂಜಿ.

ಅವ್ವ ಗೋಡೆ ಹಿಡಿದು ಒಲೆಯ ತನಕ ನಡೆದಳು. ಮೊರಕ್ಕೆ ರಾಗಿಹಿಟ್ಟು ಸುರಿದಳು. ಆಮೇಲೆ ಅವಳ ಕೈ ನಿಂತುಹೋಯಿತು. ಕುಸಿದು ಕೂತಳು. ಕೋಳಿಯೊಂದು ಬಂದು ಹಿಟ್ಟು ಕೆದಕಿತು, ಓಡಿಸಲಿಲ್ಲ. ಕಣ್ಣೀರು ಮಾತ್ರ ಹಿಟ್ಟಿಗೆ ಬೀಳುತ್ತಿತ್ತು.

"ಏಳು ಮಲ್ಲಿ," ಅವ್ವ ತನಗೆ ತಾನೇ ಹೇಳಿಕೊಂಡಳು. "ಕೂಸು ಅಸ್ಕಂಡು ಬತ್ತದೆ. ಏಳೇ."

ಆದರೆ ಏಳಲಾಗಲಿಲ್ಲ.

ಯಾರೂ ನೋಡದಿರುವಾಗ ಯಾರಾದರೂ ನಾಟಕ ಆಡುತ್ತಾರೆಯೇ? ಶಿವನಂಜಿ ವಾಡೆಯ ಹಿಂದಿನಿಂದ ಬಂದು ಅವ್ವನ ಕೈಗೆ ಅಂಟಿದ್ದ ಹಿಟ್ಟು ಒರೆಸಿದಳು. ಸ್ಕೂಲಿಗೆ ಯಾಕೆ ಹೋಗಲಿಲ್ಲ ಎಂದು ಅವ್ವ ಕೇಳಲೂ ಇಲ್ಲ.

ಸಂಜೆ ಶಿವನಂಜಿ ಅಜ್ಜಿಗೆ ಎಲ್ಲವನ್ನೂ ಹೇಳಿದಳು, ತಾನು ಬಚ್ಚಿಟ್ಟುಕೊಂಡಿದ್ದನ್ನೂ ಬಿಡದೆ. ಅಜ್ಜಿ ಬೈಯಲಿಲ್ಲ. "ಅಳ್ತಿದ್ಲಾ?" ಎಂದಳು. ಮಾರನೆಯ ದಿನ ಹುಣಸೂರಿನ ಬಸ್ಸಿಗೆ ತಾನೂ ಹೊರಟಳು.

ಡಾಕ್ಟರು ನಾಡಿ ನೋಡಿದರು. ಅವ್ವನನ್ನು ಮೆಲ್ಲಗೆ ಏನೇನೋ ಕೇಳಿದರು. ಜ್ವರವೇ ಇಲ್ಲವಲ್ಲ ಸ್ವಾಮಿ, ಎಂದು ಅಜ್ಜಿ ನಡುವೆ ಬಾಯಿ ಹಾಕಿದಳು.

"ಮನಸ್ಸಿಗೂ ಕಾಯಿಲೆ ಬರುತ್ತಮ್ಮ. ಅದಕ್ಕೆ ಜ್ವರ ಬರಲೇಬೇಕು ಅಂತಿಲ್ಲ," ಎಂದರು ಡಾಕ್ಟರು. "ಮೈಸೂರಿನ ಡಾಕ್ಟರಿಗೆ ಚೀಟಿ ಬರ್ಕೊಡ್ತೀನಿ. ವಾಸಿಯಾಗೋಕೆ ಟೈಮ್ ಬೇಕು. ಬೈದ್ರೆ ವಾಸಿಯಾಗಲ್ಲ."

ಅಜ್ಜಿ ತಲೆಯಾಡಿಸಿದಳು. ಪೂರ್ತಿ ನಂಬಿದಂತೆ ಕಾಣಲಿಲ್ಲ.

ಬಸ್ ಸ್ಟ್ಯಾಂಡಿಗೆ ವಾಪಸು ಬರುವಾಗ ಅವ್ವ ಅರ್ಧ ದಾರಿಯಲ್ಲೇ ಮರದ ಕೆಳಗೆ ಕೂತುಬಿಟ್ಟಳು. ದೂರದಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಮುಂದೆ ಹೋಗುತ್ತಿದ್ದ ಅಪ್ಪ ತಿರುಗಿ ನೋಡಿ ಅಲ್ಲೇ ನಿಂತ. ಬೇರೆ ದಿನವಾಗಿದ್ದರೆ ಶಿವನಂಜಿ ಅವ್ವನ ಕೈ ಹಿಡಿದು ಜಗ್ಗುತ್ತಿದ್ದಳು. ಇವತ್ತು ಪಕ್ಕದಲ್ಲೇ ಕೂತಳು.

"ನಂಗೇನೂ ಅರ್ಜೆಂಟಿಲ್ಲ ಕಣವ್ವ. ಆದಾಗ ಏಳು."

ಅಜ್ಜಿ ಸೀರೆ ಸರಿಮಾಡಿಕೊಂಡು ಸೊಸೆಯ ಇನ್ನೊಂದು ಪಕ್ಕದಲ್ಲಿ ಕೂತಳು. ಧೂಳೆಬ್ಬಿಸಿಕೊಂಡು ಬಸ್ಸು ಹೊರಟುಹೋಯಿತು. ಮೂವರಲ್ಲಿ ಯಾರೂ ಏಳಲಿಲ್ಲ.