ಹತ್ತಿಯೊಳಗಿನ ಬೋಲ್ಟು

ಸರೋಜಾ ಟೀಚರಿಗೆ ಆ ಬೆಳಿಗ್ಗೆ ಕೂತಲ್ಲಿ ಕೂರಲಾಗಲಿಲ್ಲ. ಎದುರಿಗೆ ಕುಳಿತ ಹುಡುಗಿ ಚಹಾ ಮುಟ್ಟದೆ ಸೆರಗಿನ ತುದಿಯನ್ನು ಸುತ್ತುತ್ತಲೇ ಇದ್ದಳು. ಮಲ್ಲಿಕಮ್ಮನಂತೂ ಯಾದಗಿರಿಯ ಆ ಚಿಕ್ಕ ಪಡಸಾಲೆಯಲ್ಲಿ ಗೋಡೆಯಿಂದ ಗೋಡೆಗೆ ನಡೆದಾಡುತ್ತಿದ್ದಳು. ಪೊಲೀಸ್ ಇನ್‌ಸ್ಪೆಕ್ಟರ್ ಕೆಲಸದಿಂದ ನಿವೃತ್ತಳಾದ ಮೇಲೂ ಆಕೆಯ ಕಾಲು ಯೋಚನೆಯ ಜೊತೆಗೇ ಓಡುತ್ತಿತ್ತು. ಇಂಥ ಸಮಯದಲ್ಲಿ ಪಕ್ಕದ ಮನೆಯ ಸರೋಜಾ ಜೊತೆಗಿರಲೇಬೇಕು.

ಹುಡುಗಿಯ ಹೆಸರು ಅನುರಾಧಾ. ಸುರಪುರದವಳು, ಹೈದರಾಬಾದಿನ ಕಾಲೇಜೊಂದರಲ್ಲಿ ಮ್ಯಾನೇಜ್‌ಮೆಂಟ್ ಕಲಿಸುತ್ತಾಳೆ. ಗಂಡಸರೂ ಹೆಂಗಸರೂ ಒಂದೇ ತಂಡದಲ್ಲಿ ದುಡಿಯುವಾಗ ಯಾರ ಮಾತು ನಡೆಯುತ್ತದೆ, ಯಾರ ಮೇಲೆ ಯಾರಿಗೆ ಎಂಥ ಪೂರ್ವಗ್ರಹ ಇರುತ್ತದೆ ಎಂಬುದು ಅವಳ ಸಂಶೋಧನೆ. ಅದಕ್ಕಾಗಿ ಶಹಾಪುರದಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ಮೌನಿಕಾ ಎಂಬ ತರುಣಿಯನ್ನು ತಂಡದ ಮುಖ್ಯಸ್ಥೆಯಾಗಿ ಮಾಡಿಸಿದ್ದಳು.

"ನಿನ್ನೆ ಮಧ್ಯಾಹ್ನ ಮಷಿನಿಗೆ ಬೆಂಕಿ ಹತ್ತೇತ್ರಿ," ಎಂದಳು ಅನುರಾಧಾ. "ಹತ್ತಿಯೊಳಗ ಒಂದು ಕಬ್ಬಿಣದ ಬೋಲ್ಟ್ ಇತ್ತು. ಅದು ಒಳಗ ಬಡದು ಕಿಡಿ ಎದ್ದೈತಿ. ಮಷಿನಿಗೆ ಹತ್ತಿ ಹಾಕಾಕತ್ತಿದ್ದ ಮರಿಲಿಂಗನ ಎರಡೂ ಕೈ ಸುಟ್ಟಾವ. ಹತ್ತಿ ಸರಿಯಾಗಿ ಆರಿಸಿಲ್ಲಂತ ತಪ್ಪು ಮೌನಿಕಾನ ಮ್ಯಾಲೆ. ನಾಳಿಂದ ಒಬ್ಬ ಹೆಣಮಗಳೂ ಮಷಿನ್ ಹತ್ರ ಬರಬಾರದು ಅಂತಾರ ಮಾಲಕರು."

"ಕಬ್ಬಿಣ ಹಿಡಿಯಾಕ ಮ್ಯಾಗ್ನೆಟ್ ಇರತೈತಲ್ಲವ್ವಾ?" ಕೇಳಿದಳು ಮಲ್ಲಿಕಮ್ಮ ನಡೆಯುತ್ತಲೇ.

"ನಿನ್ನೆ ಅದನ್ನ ರಿಪೇರಿಗೆ ಬಿಚ್ಚಿದ್ರು. ಮುಂಜಾನಿ ಮೀಟಿಂಗಿನ್ಯಾಗ ಫೋರ್‌ಮನ್ ಯಂಕಣ್ಣ ಹೇಳಿದ. ಅಲ್ಲಿ ಮಾಲಕರು ನಸೀರುದ್ದೀನ ಸಾಹೇಬ್ರು, ಸೂಪರ್‌ವೈಸರ್ ಸುನೀಲಕುಮಾರ, ಮೌನಿಕಾ, ಮರಿಲಿಂಗ, ನಾನು ಇದ್ವಿ. ಆಮ್ಯಾಲೆ ನಾನೂ ಸಾಹೇಬ್ರೂ ಸುರಪುರಕ್ಕ ಹೋದ್ವಿ."

ಮಲ್ಲಿಕಮ್ಮ ನಿಂತಳು. "ಅಂದ್ರ ಅದು ಬಿದ್ದ ಬೋಲ್ಟ್ ಅಲ್ಲ, ಹಾಕಿದ ಬೋಲ್ಟ್ ಇದ್ದೀತು. ಏಳು ಸರೋಜಾ."

ಭೀಮಾ ಸೇತುವೆ ದಾಟುವಷ್ಟರಲ್ಲಿ ಸರೋಜಾಳ ಮನಸ್ಸು ಯಂಕಣ್ಣನ ಮೇಲೆ ನಿಂತುಬಿಟ್ಟಿತ್ತು. ಹೆಂಗಸರಿಗೆ ಮಷಿನ್ ತಿಳಿಯುವುದಿಲ್ಲವೆಂದು ಅವನು ಎಲ್ಲರ ಮುಂದೆ ಜಗಳ ತೆಗೆದಿದ್ದನೆಂದು ಅನುರಾಧಾ ದಾರಿಯಲ್ಲಿ ಹೇಳಿದ್ದಳು. ಸುನೀಲಕುಮಾರನನ್ನೋ ಬಾಯಿತುಂಬ ಹೊಗಳಿದಳು: ಈ ಪ್ರಯೋಗಕ್ಕೆ ಮೊದಲು ಕೈ ಎತ್ತಿದವನೇ ಅವನಂತೆ.

ಜಿನ್ನಿನ ಅಂಗಳದಲ್ಲಿ ಸುಟ್ಟ ಹತ್ತಿಯ ವಾಸನೆ ಇನ್ನೂ ಆರಿರಲಿಲ್ಲ. ಯಂಕಣ್ಣ ಮುಖ ಗಂಟಿಕ್ಕಿಕೊಂಡೇ ಷೆಡ್ಡಿನ ಬಾಗಿಲಿಗೆ ಬಂದ. ಮೇಲಿನ ಗೂಟದಿಂದ ಬೀಗದ ಕೈ ತೆಗೆಯಲು ಎಡಗೈ ಎತ್ತಿದ. ಬಲಗೈ ಎದೆಯ ಮಟ್ಟಕ್ಕೇ ನಿಂತಿತ್ತು. ಎಂದೋ ಮಷಿನಿನ ಬೆಲ್ಟಿಗೆ ಸಿಕ್ಕ ಭುಜವಂತೆ.

"ಹೆಂಗಸರು ಮಷಿನ್ ಹತ್ರ ಬ್ಯಾಡಂತ ಅಂದಿದ್ದು ಖರೆ," ಎಂದ ಅವನು. "ಈಗೂ ಅಂತೀನಿ. ಆದ್ರ ನನ್ನ ಮಷಿನ್ ನಾನ ಸುಡತೀನೇನ್ರಿ?"

ಸುನೀಲಕುಮಾರ ಆಫೀಸಿನಲ್ಲಿ ಕುರ್ಚಿ ಹಾಕಿಸಿ, ನೀರು ತರಿಸಿ, ಮೃದುವಾಗಿ ಮಾತಾಡಿದ. ಬೆಂಕಿ ಹತ್ತುವ ಮೊದಲು ಅವನು ಅಲ್ಲಿಯೇ ಬಾಗಿಲು ಹಾಕಿಕೊಂಡು ಊಟಕ್ಕೆ ಕೂತಿದ್ದನಂತೆ.

"ಮೌನಿಕಾಂದು ತಪ್ಪಿಲ್ರಿ ಅಕ್ಕಾರ. ಪಾಪ, ಅಕಿ ಅಂಗಳದಾಗ ಉಣ್ಣಾಕ ಕುಂತಿದ್ಳು. ಸ್ಟೋರಿನ ಕಡಿಂದ ಬಂದ ಬುಟ್ಟಿ ಅಕಿಗೆ ಹೆಂಗ ಕಂಡೀತು?"

ಎಷ್ಟು ಒಳ್ಳೆಯ ಹುಡುಗ ಎಂದುಕೊಂಡಳು ಸರೋಜಾ. ಮಲ್ಲಿಕಮ್ಮ ಎದ್ದು ಹೊರಗೆ ನಡೆದಳು.

ಕಸ ಗುಡಿಸುವ ಲಾಲಮ್ಮ ಮೊದಲು ಪೊರಕೆಯನ್ನೇ ನಿಲ್ಲಿಸಲಿಲ್ಲ. ಮಲ್ಲಿಕಮ್ಮ ಅವಳ ಪಕ್ಕ ನೆಲದ ಮೇಲೆ ಕೂತಾಗ ದನಿ ತಗ್ಗಿಸಿದಳು.

"ಯಾರಿಗೂ ಹೇಳಿಲ್ರಿ. ಹೇಳಿದ್ರ ಮೌನಿಕಾನ ತಂಡದವ್ರ ಮ್ಯಾಲ ಬರತೈತಂತ. ಹತ್ತಿ ಬುಟ್ಟಿ ಎಲ್ಲಾ ಅಂಗಳದ ರಾಶಿಯಿಂದ ಬರ್ತಾವ. ನಿನ್ನಿ ಒಂದ ಬುಟ್ಟಿ ಹಿಂದಿನ ಸ್ಟೋರಿನ ಕಡಿಂದ ಬಂತು. ಯಾರೋ ಹೆಣಮಗಳು ಹೊತ್ತಿದ್ಳು."

"ಮುಖ ಕಂಡಿಯೇನು?"

"ಧೂಳಿಗೆ ಎಲ್ಲಾರೂ ಮುಖಕ್ಕ ಬಟ್ಟಿ ಕಟ್ಟಿರತೇವ್ರಿ. ಎಲ್ಲಾರದೂ ಒಂದ ನಮೂನಿ, ಕಾಲಿನ ತನಕ ಇಳಿಯೋ ನೀಲಿ ಕೋಟು. ಎರಡೂ ಕೈಲೆ ತಲಿ ಮ್ಯಾಲಿನ ಬುಟ್ಟಿ ಗಟ್ಟಿ ಹಿಡಕೊಂಡು ಸಣ್ಣ ಸಣ್ಣ ಹೆಜ್ಜಿ ಹಾಕ್ಕೋತ ಬಂದ್ಳು."

"ಹೆಣ್ಣು ಅಂತ ಹೆಂಗ ತಿಳೀತು?"

ಲಾಲಮ್ಮ ವಿಚಿತ್ರವಾಗಿ ನೋಡಿದಳು. "ಬುಟ್ಟಿ ಹೊರೋರು ಹೆಂಗಸರ ಅಲ್ಲೇನ್ರಿ?"

ಅಂಗಳದಲ್ಲಿ ಹೆಂಗಸರು ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು, ಕೈ ಬೀಸುತ್ತ, ಮಾತಾಡುತ್ತ ಓಡಾಡುತ್ತಿದ್ದರು. ಮಲ್ಲಿಕಮ್ಮ ಬಹಳ ಹೊತ್ತು ಅವರನ್ನೇ ನೋಡುತ್ತ ನಿಂತಳು. ಸರೋಜಾಳಿಗೆ ತಾಳ್ಮೆ ತಪ್ಪಿತು. "ಅಕ್ಕಾ, ಯಂಕಣ್ಣನ ಕೇಳೋಣ ನಡಿ," ಎಂದಳು. ಮಲ್ಲಿಕಮ್ಮ ಮೌನಿಕಾಳ ಕಡೆಗೆ ಹೊರಟಳು.

ಮೌನಿಕಾ ಗೋಡೆಗೆ ಒರಗಿ ನಿಂತಿದ್ದಳು. ಕಣ್ಣು ಕೆಂಪಾಗಿದ್ದವು, ಅಳು ಮಾತ್ರ ಇರಲಿಲ್ಲ.

"ಈ ವರ್ಷ ಜಿನ್ ಚಲೋ ನಡದೈತಂತ. ಹೊಸ ಹೊಸ ಉಪಾಯ ಯಾರವು?" ಕೇಳಿದಳು ಮಲ್ಲಿಕಮ್ಮ.

"ಸುನೀಲ್ ಸರವು ಅಂತಾರ್ರಿ."

"ನೀ ಏನಂತಿ?"

ಮೌನಿಕಾ ಆಫೀಸಿನ ಬಾಗಿಲ ಕಡೆ ಒಮ್ಮೆ ನೋಡಿದಳು. "ನಾ ಹೇಳಿದ್ರ ಯಾರೂ ಕೇಳಾಂಗಿಲ್ರಿ. ಅದನ್ನ ಅವರು ದೊಡ್ಡ ದನಿಲೆ ಹೇಳಿದ್ರ ಆತು, ಎಲ್ಲಾರೂ ಹೂಂ ಅಂತಾರ. ಅನುರಾಧಾ ಮೇಡಂ ಒಂದು ಹೊಸ ಪದ್ಧತಿ ತಂದಿದ್ರು. ಮುಂದಿನ ವಾರದಿಂದ ಯಾರ ಉಪಾಯನೋ ಅವರೇ ಸಾಹೇಬ್ರ ಮುಂದ ನಿಂತು ಹೇಳಬೇಕಂತ. ಆಮ್ಯಾಲೆ ಮ್ಯಾನೇಜರ್ ಯಾರಂತ ಆರಿಸ್ತಿದ್ರು."

ಮಧ್ಯಾಹ್ನ ಮಲ್ಲಿಕಮ್ಮ ಎಲ್ಲರನ್ನೂ ಬೇವಿನ ಮರದ ಕೆಳಗೆ ಕರೆಸಿದಳು. ನಸೀರುದ್ದೀನ ಸಾಹೇಬರು ಕುರ್ಚಿಯಲ್ಲಿ ಕೂತರು, ಉಳಿದವರು ನಿಂತೇ ಇದ್ದರು.

"ಬೋಲ್ಟ್ ಹಾಕಿದವರಿಗೆ ಮ್ಯಾಗ್ನೆಟ್ ಇಲ್ಲದ್ದು ಗೊತ್ತಿತ್ತು," ಎಂದು ಮಲ್ಲಿಕಮ್ಮ ಶುರುಮಾಡಿದಳು. "ಸಾಹೇಬ್ರು, ಅನುರಾಧಾ ಸುರಪುರದಾಗ ಇದ್ರು. ಸುಟಗೊಂಡ ಮರಿಲಿಂಗ ತನ್ನ ಕೈ ತಾನ ಸುಟಗೋಳಾಂಗಿಲ್ಲ. ಉಳಿದವರು ಮೌನಿಕಾ, ಅಕಿ ಬಾಯಿಂದ ಕೇಳಿರಬಹುದಾದ ಅಕಿ ತಂಡದ ಹೆಂಗಸರು, ಯಂಕಣ್ಣ, ಸುನೀಲಕುಮಾರ."

"ಹೆಂಗಸರ ಪೈಕಿ ಒಬ್ಬಾಕಿ ಇರಬೇಕು," ಎಂದರು ಸಾಹೇಬರು.

"ಲಾಲಮ್ಮ ಒಂದು ಬುಟ್ಟಿ ಬಂದದ್ದು ನೋಡ್ಯಾಳ. ಹೊತ್ತವರು ಹೆಣ್ಣಂತ ತಿಳದಾಳ. ಅಕಿ ಕಣ್ಣು ಕಂಡದ್ದು ಬುಟ್ಟಿ, ಕೋಟು, ಮುಖದ ಬಟ್ಟಿ. ಹೆಣ್ಣು ಅನ್ನೋದನ್ನ ಅಕಿ ಮನಸ್ಸು ಸೇರಿಸೇತಿ. ಆದ್ರ ಆ ಮನುಷ್ಯಾ ಎರಡೂ ಕೈಲೆ ಬುಟ್ಟಿ ಹಿಡಕೊಂಡಿತ್ತು, ಅಂಜಿ ಅಂಜಿ ಹೆಜ್ಜಿ ಇಡಾಕತ್ತಿತ್ತು. ಇಲ್ಲಿನ ಹೆಂಗಸರ ಕಡೆ ನೋಡ್ರಿ. ಯಾರರೇ ಕೈ ಹಚ್ತಾರೇನು? ಅದು ತಲಿ ಮ್ಯಾಲ ಹೊತ್ತು ರೂಢಿ ಇಲ್ಲದ ಮನುಷ್ಯಾ."

ಎಲ್ಲರೂ ಯಂಕಣ್ಣನ ಕಡೆ ತಿರುಗಿದರು. ಸರೋಜಾ ಕೂಡ.

"ಯಂಕಣ್ಣಗ ಬಲಗೈ ಮ್ಯಾಲ ಏಳಾಂಗಿಲ್ಲ," ಎಂದಳು ಮಲ್ಲಿಕಮ್ಮ. "ಎರಡೂ ಕೈಲೆ ತಲಿ ಮ್ಯಾಲಿನ ಬುಟ್ಟಿ ಹಿಡಿಯೋದು ಅವನ ಕೈಲೆ ಆಗದ ಮಾತು."

ಸುನೀಲಕುಮಾರ ನಕ್ಕ. "ಇಷ್ಟಕ್ಕ ನನ್ನ ಮ್ಯಾಲ ಹಾಕ್ತೀರೇನ್ರಿ?"

"ಇಷ್ಟಕ್ಕ ಅಲ್ಲಪ್ಪಾ. ಬುಟ್ಟಿ ಸ್ಟೋರಿನ ಕಡಿಂದ ಬಂತಂತ ಮುಂಜಾನಿ ನೀನ ಅಂದಿ. ಬುಟ್ಟಿ ಬರೋದು ಅಂಗಳದಿಂದ. ಸ್ಟೋರಿನ ಕಡಿಂದ ಬಂದದ್ದನ್ನ ಕಂಡಾಕಿ ಲಾಲಮ್ಮ ಒಬ್ಬಾಕಿ. ಅಕಿ ಯಾರಿಗೂ ಹೇಳಿದ್ದಿಲ್ಲ, ನನಗ ಹೇಳಿದ್ದೂ ನಿನ್ನ ಆಫೀಸಿನಿಂದ ಹೊರಗ ಬಂದ ಮ್ಯಾಲೆ. ಬಾಗಲಾ ಹಾಕ್ಕೊಂಡು ಉಣ್ಣಾಕತ್ತಿದ್ದ ನಿನಗ ಅದು ಹೆಂಗ ತಿಳೀತು?"

ನಗು ಅವನ ಮುಖದ ಮೇಲೆಯೇ ಒಣಗಿತು.

"ಮುಂದಿನ ವಾರ ಮೌನಿಕಾ ಸಾಹೇಬ್ರ ಮುಂದ ನಿಂತು ಬಾಯಿ ಬಿಟ್ಟಿದ್ರ, ಈ ವರ್ಷ ಪೂರ್ತಿ ನಿನ್ನವಂತ ಹೇಳ್ಕೊಂಡ ಉಪಾಯ ಅಕಿವು ಅಂತ ಬಯಲಾಗತಿತ್ತು. ಅದಕ್ಕ ಅಕಿ ತಂಡನ ಮುರೀಬೇಕಿತ್ತು ನಿನಗ."

"ಮಷಿನ್ ನಿಂತೀತು ಅಂದಿದ್ದೆ ಅಷ್ಟ," ಎಂದ ಸುನೀಲಕುಮಾರ ನೆಲ ನೋಡುತ್ತ. "ಬೆಂಕಿ ಹತ್ತತೈತಿ ಅಂದುಕೊಂಡಿದ್ದಿಲ್ರಿ. ಮರಿಲಿಂಗನ ಕೈ..."

ಅನುರಾಧಾ ಮರಕ್ಕೆ ಕೈ ಊರಿ ನಿಂತಳು. "ಇಂಥಾದ್ದನ್ನ ಅಭ್ಯಾಸ ಮಾಡಾಕ ಬಂದಾಕಿ ನಾನು," ಎಂದಳು ಮೆಲ್ಲಗೆ. "ಸಿಹಿ ಮಾತಾಡೋ ಗಂಡಸಿನ ನಂಬಿದೆ. ಮೌನಿಕಾನ್ನ ಒಮ್ಮಿನೂ ಒಬ್ಬಾಕಿನ್ನ ಕರದು ಕೇಳಲಿಲ್ಲ."

ಸರೋಜಾ ಯಂಕಣ್ಣನ ಮುಖ ನೋಡಲಾರದೆ ದೃಷ್ಟಿ ತಗ್ಗಿಸಿದಳು.

ಪೊಲೀಸರು ಸುನೀಲಕುಮಾರನನ್ನು ಕರೆದೊಯ್ದ ಮೇಲೆ ಸಾಹೇಬರು ಗಂಟಲು ಸರಿಪಡಿಸಿಕೊಂಡರು. ಸದ್ಯಕ್ಕೆ ಸೂಪರ್‌ವೈಸರ್ ಆಗಿ ಹೊರಗಿನಿಂದ ಯಾರಾದರೂ ಗಂಡಸನ್ನು ತರುವುದು ಒಳ್ಳೆಯದು, ಕೆಲಸಗಾರರು ಮಾತು ಕೇಳಬೇಕಲ್ಲ ಎಂದರು.

"ಯಾಕ್ರಿ?" ಯಂಕಣ್ಣ ಒರಟಾಗಿಯೇ ಕೇಳಿದ. "ಹೆಂಗಸರು ಮಷಿನ್ ಹತ್ರ ಬರೋದು ನನಗ ಸೇರಾಂಗಿಲ್ಲ. ಆದ್ರ ಕೆಲಸ ಬರೋದು ಈ ಮೌನಿಕಾಗ. ಕೊಡ್ರಿ ಈಕಿಗೆ. ಜಗಳ ಏನಿದ್ರೂ ನಾ ಈಕಿ ಜೋಡಿ ಮಾಡ್ಕೋತೀನಿ."

ಸಾಹೇಬರು ಮೌನಿಕಾಳ ಕಡೆ ನೋಡಿದರು. "ಏನಂತಿಯವ್ವಾ?"

"ನಾಳಿ ಹೇಳ್ತೀನ್ರಿ," ಎಂದಳು ಮೌನಿಕಾ. ದನಿ ಮೊದಲ ಸಲ ಎಲ್ಲರಿಗೂ ಕೇಳುವಷ್ಟು ಎತ್ತರವಿತ್ತು. "ಇವತ್ತು ಮರಿಲಿಂಗನ್ನ ಕಲಬುರಗಿ ದೊಡ್ಡ ದವಾಖಾನಿಗೆ ಒಯ್ಯಬೇಕು. ಇಲ್ಲಿನ ಡಾಕ್ಟರ್ ಮುಂಜಾನಿನ ಹೇಳ್ಯಾರ. ಒಯ್ಯಾಕ ಯಾರೂ ಎದ್ದಿಲ್ಲ. ನಿಮ್ಮ ಜೀಪ್ ಬೇಕು."

ಸಾಹೇಬರು ಹೂಂ ಅನ್ನುವ ಮೊದಲೇ ಯಂಕಣ್ಣ ಟವಲ್ ಹೆಗಲಿಗೆ ಹಾಕಿಕೊಂಡು ಜೀಪಿನ ಕಡೆ ಹೊರಟಿದ್ದ.