ಕೆಂಪು ಟೇಪು ಅಂಟಿಸಿದ ದಿನ

ಕಂಪ್ಯೂಟರೊಂದು ಆಂಬ್ಯುಲೆನ್ಸಿನಲ್ಲಿ ಬಂದಿದ್ದನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅದೂ ಹಿಂದೆ ಮಲಗಿಕೊಂಡಲ್ಲ, ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು, ಮದುವೆಗೆ ಹೊರಟ ಗಂಡಿನ ಠೀವಿಯಲ್ಲಿ.

ಅದನ್ನು ಕೂರಿಸಿಕೊಂಡು ಬಂದವಳು ಆ ಗಾಡಿಯ ಡ್ರೈವರ್. ಡ್ಯೂಟಿ ಮುಗಿಸಿ ಗಾಡಿಯನ್ನು ಆಸ್ಪತ್ರೆಗೆ ಬಿಟ್ಟುಬರಲು ಹೊರಟಿದ್ದಳು. ನಮ್ಮ ಬೀದಿಯವರೆಲ್ಲ ಅವಳನ್ನು ಸೈರನ್ ಅಂತಲೇ ಕರೆಯುವುದು. ನನ್ನನ್ನು ಬುರುಡೆ ಅನ್ನುತ್ತಾರೆ. ಏಳನೇ ಕ್ಲಾಸಿಗೇ ಸ್ಕೂಲಿಗೆ ಸಲಾಂ ಹೊಡೆದು, ಮಿಕ್ಸಿ, ಫ್ಯಾನು, ಕಂಪ್ಯೂಟರನ್ನು ಬಿಚ್ಚಿ ಬಿಚ್ಚಿಯೇ ರಿಪೇರಿ ಕಲಿತವನು ನಾನು. ಕೈ ನೆಟ್ಟಗಿದೆ, ಬಾಯಿ ಮಾತ್ರ ಸ್ವಲ್ಪ ಉದ್ದ. ನಾನು ರಿಪೇರಿ ಮಾಡಿದ ಫ್ಯಾನಿನ ಗಾಳಿಗೆ ಒಬ್ಬರ ಮನೆಯ ಕ್ಯಾಲೆಂಡರ್ ಮೂರು ತಿಂಗಳು ಮುಂದಕ್ಕೆ ಹಾರಿತ್ತು ಅಂದರೆ ನಂಬುವವರು ನಂಬುತ್ತಾರೆ.

ಅವಳು ನಂಬುವುದಿಲ್ಲ.

"ನಿಮ್ಮ ಮಾತನ್ನ ಹತ್ತರಿಂದ ಭಾಗಿಸಿ ಕೇಳ್ತೀನಿ ಬುರುಡೆಯವರೇ," ಅನ್ನುತ್ತಾಳೆ. ಹಾಗೆ ಅನ್ನುವಾಗ ಅವಳ ಎಡಗಣ್ಣು ಒಂದು ಚೂರು ಕಿರಿದಾಗುತ್ತದೆ. ಆ ಒಂದು ಚೂರಿಗಾಗಿ ನಾನು ದಿನವಿಡೀ ಬುರುಡೆ ಬಿಡಬಲ್ಲೆ.

"ಪೇಷಂಟಿಗೆ ಏನಾಗಿದೆ?" ಬೆಲ್ಟ್ ಬಿಚ್ಚುತ್ತಾ ಕೇಳಿದೆ.

"ಏಳು ವರ್ಷ ವಯಸ್ಸು. ರೇಸ್ ಆಡ್ವಾಗ ತಿರುವು ಬಂತು ಅಂದ್ರೆ ಸಾಕು, ಚಿತ್ರ ನಿಂತ್ಬಿಡುತ್ತೆ. ಮತ್ತೆ ಬರೋ ಹೊತ್ತಿಗೆ ನನ್ನ ಕಾರು ಗೋಡೆಗೆ ಮುತ್ತು ಕೊಡ್ತಿರುತ್ತೆ."

"ಹಾಗಿದ್ರೂ ಫೈನಲ್‌ಗೆ ಬಂದಿದೀರಂತೆ?"

"ಕಣ್ಣು ಕೈ ಕೊಟ್ರೆ ಕಿವಿ ಇದ್ಯಲ್ಲ? ಇಂಜಿನ್ ಸದ್ದು, ಟೈರ್ ಸದ್ದು ಕೇಳ್ಕೊಂಡೇ ತಿರುಗಿಸ್ತೀನಿ. ಆದ್ರೆ ಭಾನುವಾರ ಬರೋರೆಲ್ಲ ಘಟಾನುಘಟಿಗಳು. ಬರೀ ಕಿವಿ ಸಾಲಲ್ಲ."

ವಿಷಯ ಇಷ್ಟೇ. ಮನೆಯಿಂದಲೇ ಕಂಪ್ಯೂಟರಿನಲ್ಲಿ ಆಡುವ ಆ ರೇಸ್ ಗೆದ್ದವರಿಗೆ ನಿಜವಾದ ರೇಸ್ ಕಾರು ಓಡಿಸಲು ಕಲಿಸುವ ಸ್ಕೂಲಿನಲ್ಲಿ ಮೂರು ತಿಂಗಳ ಸೀಟು. ಒಂದೇ ಸೀಟು. ಆ ಮೂರು ತಿಂಗಳು ಅವಳು ಸಂಬಳವಿಲ್ಲದ ರಜೆ ಹಾಕಬೇಕು. ಕೂಡಿಟ್ಟಿದ್ದನ್ನೆಲ್ಲ ಹೊಸ ಕಂಪ್ಯೂಟರಿಗೆ ಸುರಿದರೆ ಆಮೇಲೆ ಮನೆ ನಡೆಯುವುದು ಹೇಗೆ? ಹಳೆಯದನ್ನೇ ನೆಚ್ಚಿಕೊಂಡರೆ ರೇಸ್ ಗೆಲ್ಲುವುದು ಹೇಗೆ?

"ನಮ್ ಭಾವ ಇರೋ ದುಡ್ಡಲ್ಲಿ ಹೊಸದು ತಗೋ ಅಂತ ಕೂತಿದಾರೆ. ಶನಿವಾರ ಸಂಜೆ ತಂದು ಇಳಿಸೇ ಬಿಡ್ತಾರಂತೆ. ನೀವೇನಂತೀರಾ?"

"ಇಷ್ಟೊಂದು ಆಸೇನಾ ಆ ಸೀಟಿನ ಮೇಲೆ?"

ಅವಳು ಆಂಬ್ಯುಲೆನ್ಸಿನ ಕಡೆ ತಿರುಗಿ ನೋಡಿದಳು. "ದಿನಾ ಜೋರಾಗೇ ಓಡಿಸ್ತೀನಿ. ಆದ್ರೆ ಹಿಂದೆ ಯಾರೋ ನರಳ್ತಿರ್ತಾರೆ. ಒಂದ್ಸಲ, ಒಂದೇ ಒಂದ್ಸಲ, ಹಿಂದೆ ಯಾರೂ ನರಳದೇ ಜೋರಾಗಿ ಓಡಿಸ್ಬೇಕು."

ನಾನು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ.

"ಶನಿವಾರದವರೆಗೆ ಟೈಮ್ ಕೊಡಿ," ಅಂದೆ.

ಅವತ್ತು ಆ ಡಬ್ಬದೊಳಗಿಂದ ತೆಗೆದ ಧೂಳಿನಲ್ಲಿ ಒಂದು ದಿಂಬು ತುಂಬಬಹುದಿತ್ತು. ಸರಿ, ಹತ್ತರಿಂದ ಭಾಗಿಸಿ. ಚಿಪ್ ಬಿಸಿಯಾಗದಿರಲು ಹಚ್ಚುವ ಪೇಸ್ಟ್ ಒಣಗಿತ್ತು, ಅದನ್ನು ಕೆರೆದು ಹೊಸದು ಹಚ್ಚಿದೆ. ಕಿರುಗುಟ್ಟುವ ಫ್ಯಾನಿಗೆ ಎಣ್ಣೆ ಬಿಟ್ಟೆ. ಸುಮ್ಮನೆ ಓಡುತ್ತಿದ್ದ ಬೇಡದ ಪ್ರೋಗ್ರಾಮುಗಳನ್ನು ಕಿವಿ ಹಿಂಡಿ ಹೊರಗೆ ಹಾಕಿದೆ. ಹಿಂದುಗಡೆ ಒಂದು ಚೂರು ಕೆಂಪು ಟೇಪು ಅಂಟಿತ್ತು. ಯಾರೋ ಅಂಟಿಸಿರಬೇಕು ಅಂದುಕೊಂಡೆ. ನನ್ನ ಅಂಗಡಿಯ ಮಾನಿಟರ್ ಜೋಡಿಸಿ ಆಟ ಶುರು ಮಾಡಿದರೆ, ಅಬ್ಬಾ! ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಕಾರು ಓಡಿತು.

ಸೈರನ್ ಬಂದು ಒಂದು ಸುತ್ತು ಓಡಿಸಿದಳು. ಎಡಕ್ಕೆ ತಿರುಗುವಾಗ ಅವಳ ಮೈಯೂ ಎಡಕ್ಕೆ ವಾಲಿತು. ಅವಳ ಮೊಣಕೈ ನನ್ನ ತೋಳಿಗೆ ತಾಗಿತು. ಆ ದಾರಿಯಲ್ಲಿ ಎಡ ತಿರುವುಗಳು ಹನ್ನೊಂದು. ನಾನು ಎಣಿಸಿದ್ದೇನೆ.

"ಬುರುಡೆಯವರೇ, ನೀವು ನಿಜವಾಗ್ಲೂ ಡಾಕ್ಟ್ರು!"

ಎರಡೇ ಗಂಟೆ ಕಳೆದಿತ್ತು. ಅವಳ ಮನೆಯಿಂದ ಫೋನು ಬಂತು. "ಮತ್ತೆ ಅದೇ ಕಥೆ. ನಿಂತು ನಿಂತು ಹೋಗ್ತಿದೆ."

ಶುಕ್ರವಾರ ಮತ್ತೆ ತಂದಳು. ಅಂಗಡಿಯಲ್ಲಿ ಕುದುರೆ. ಮನೆಗೆ ಹೋದರೆ ಕತ್ತೆ. ಫೋನಿನಲ್ಲಿ ಅವಳ ಭಾವನ ದನಿ ಹಿಂದಿನಿಂದ ಕೇಳಿತು: "ಮಿಕ್ಸಿ ರಿಪೇರಿಯವನ ಕೈಲಿ ಆಪರೇಷನ್ ಮಾಡಿಸಿದ್ರೆ ಇನ್ನೇನಾಗುತ್ತೆ? ತೂಕಕ್ಕೆ ಹಾಕು ಅದನ್ನ!"

ಅವಳು ಫೋನ್ ಇಟ್ಟಳು. ಆ ಮಾತು ನನ್ನ ಎದೆಗೆ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದಂತಾಯಿತು.

ಶನಿವಾರ ಮಧ್ಯಾಹ್ನ ನಾನೇ ಅವಳ ಮನೆಗೆ ಹೋದೆ. ಅವಳು ಡ್ಯೂಟಿಯಿಂದ ಬಂದಿರಲಿಲ್ಲ. ಅವಳ ಅಮ್ಮ ಬಾಗಿಲು ತೆಗೆದರು. ಮಾನಿಟರಿನ ವಯರ್ ಕಳಚಿ, ಮತ್ತೆ ಚುಚ್ಚಲು ಹಿಂದಕ್ಕೆ ಬಗ್ಗಿದೆನೋ ಇಲ್ಲವೋ, ಅವರು ಕೂಗಿಕೊಂಡರು.

"ಅಯ್ಯಯ್ಯೋ, ಅಲ್ಲಿ ಅಲ್ಲಪ್ಪಾ! ಕೆಂಪು ಟೇಪ್ ಹತ್ರ ಚುಚ್ಚು!"

"ಯಾಕೆ ಆಂಟಿ?"

"ಬೇರೆ ಕಡೆ ಚುಚ್ಚಿದ್ರೆ ಇಡೀ ಬೀದಿ ಕರೆಂಟ್ ಹೋಗುತ್ತೆ ಅಂತ ನೀನೇ ಹೇಳಿದ್ಯಲ್ಲ? ಟೇಪ್ ಅಂಟಿಸಿದ್ದೂ ನೀನೇ. ಎರಡು ವರ್ಷ ಆಯ್ತು, ಒಂದ್ಸಲನೂ ತಪ್ಪಿಲ್ಲ ನಾನು!" ಹೆಮ್ಮೆಯಿಂದ ಹೇಳಿ ಒಳಗೆ ಹೋದರು.

ನಾನು ಆ ಟೇಪನ್ನೇ ನೋಡಿದೆ. ಎಲ್ಲ ನೆನಪಾಯಿತು.

ಎರಡು ವರ್ಷದ ಹಿಂದೆ ಕಂಪ್ಯೂಟರನ್ನು ಒಳಕೋಣೆಯಿಂದ ಹಾಲಿಗೆ ತಂದು ಜೋಡಿಸಿಕೊಟ್ಟವನು ನಾನೇ. ಅವತ್ತೇ ಅವಳನ್ನು ಮೊದಲು ನೋಡಿದ್ದು. ಡ್ಯೂಟಿ ಮುಗಿಸಿ ಬಂದು, ಬಾಗಿಲ ಹತ್ತಿರದ ಬೇಸಿನ್ನಿನಲ್ಲಿ ಮುಖ ತೊಳೆದು, ಯೂನಿಫಾರ್ಮಿನ ತೋಳಿನಲ್ಲೇ ಒರೆಸಿಕೊಂಡಳು. ಹಣೆಯ ಮೇಲೆ ಒಂದು ಹನಿ ಉಳಿಯಿತು. ಆ ಹನಿ ಹುಬ್ಬಿನವರೆಗೆ ಇಳಿದು ಅಲ್ಲೇ ನಿಂತಿತು. ನಾನೂ ನಿಂತೆ. ಕೈ ಮಾತ್ರ ತನ್ನ ಪಾಡಿಗೆ ವಯರನ್ನು ಎಲ್ಲೋ ಚುಚ್ಚಿತು.

ಆಟದ ಚಿತ್ರ ಬಿಡಿಸುವ ದೊಡ್ಡ ಕಾರ್ಡು ಒಂದು ಕಡೆ. ವಯರ್ ಹೋಗಬೇಕಾದದ್ದು ಅಲ್ಲಿಗೆ. ನಾನು ಚುಚ್ಚಿದ್ದು ಅದರ ಮೇಲಿದ್ದ, ಬರೀ ಟೈಪ್ ಮಾಡುವವರಿಗೆ ಸಾಕಾಗುವ ಜಾಗಕ್ಕೆ. ಗಟ್ಟಿ ಎತ್ತನ್ನು ಮಲಗಿಸಿ ಕರುವಿನ ಕೊರಳಿಗೆ ಗಾಡಿ ಕಟ್ಟಿದ ಹಾಗೆ. ಚಿತ್ರವೇನೋ ಬಂತು. "ಸರಿಯಾಯ್ತಾ?" ಅಂತ ಅವಳು ಕೇಳಿದಾಗ ತಬ್ಬಿಬ್ಬಾಗಿ, ದೊಡ್ಡ ಮನುಷ್ಯನ ಹಾಗೆ ಟೇಪು ಅಂಟಿಸಿ, ಬೀದಿಯ ಕರೆಂಟಿನ ಬುರುಡೆ ಬಿಟ್ಟಿದ್ದೆ. ಅಂಗಡಿಯಲ್ಲಿ ರೂಢಿಯಂತೆ ಸರಿಯಾದ ಕಡೆಗೇ ಚುಚ್ಚುತ್ತಿದ್ದೆ. ಮನೆಯಲ್ಲಿ ಅಮ್ಮ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು.

ಈಗ ಸುಮ್ಮನೆ ವಯರ್ ಬದಲಾಯಿಸಿ, ಟೇಪು ಕಿತ್ತು ಜೇಬಿಗೆ ಹಾಕಿಕೊಂಡರೆ ಮುಗಿಯಿತು. ನಾನೇ ಹೀರೋ. ಒಳ್ಳೆಯದೊಂದು ಬುರುಡೆಯೂ ಸಿದ್ಧವಾಗಿತ್ತು.

ಅಷ್ಟರಲ್ಲಿ ಅವಳು ಬಂದಳು. ಬೇಸಿನ್ನಿನಲ್ಲಿ ಮುಖ ತೊಳೆದಳು. ತೋಳಿನಲ್ಲಿ ಒರೆಸಿಕೊಂಡಳು.

"ಏನಾದ್ರೂ ಗೊತ್ತಾಯ್ತಾ? ಭಾವ ಹೊಸದು ತಗೊಂಡು ಹೊರಟಿದಾರಂತೆ."

"ಗೊತ್ತಾಯ್ತು," ಅಂದೆ. "ಕಂಪ್ಯೂಟರ್‌ದು ಏನೂ ತಪ್ಪಿಲ್ಲ. ತಪ್ಪು ನಂದು." ವಯರನ್ನು, ಟೇಪನ್ನು, ಕಾರ್ಡನ್ನು ತೋರಿಸಿ ಎಲ್ಲ ಹೇಳಿದೆ.

"ನಿಮ್ಗೆ ಕೆಲಸ ಗೊತ್ತಿಲ್ಲ ಅಂದ್ರೆ ನಾನು ನಂಬಲ್ಲ. ಅಷ್ಟು ಸಣ್ಣ ತಪ್ಪು ಹೇಗೆ ಮಾಡಿದ್ರಿ?"

"ಕಣ್ಣು ಇಲ್ಲಿರ್ಲಿಲ್ಲ."

"ಮತ್ತೆಲ್ಲಿತ್ತು?"

"ಬೇಸಿನ್ ಹತ್ರ. ನೀವು ಮುಖ ತೊಳೀತಿದ್ರಿ."

ಅವಳ ಹಣೆಯ ಹನಿ ಹುಬ್ಬಿನವರೆಗೆ ಇಳಿದು ನಿಂತಿತು. ಎಡಗಣ್ಣು ಕಿರಿದಾಗಲಿಲ್ಲ.

"ಎರಡು ವರ್ಷ ಕಿವಿಯಲ್ಲಿ ರೇಸ್ ಓಡಿಸಿದೀನಿ ನಾನು," ಅಂದಳು ಮೆಲ್ಲಗೆ.

ವಯರನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಸರಿಯಾದ ಕಡೆ ಚುಚ್ಚಿದಳು. ಬೀದಿಯ ಕರೆಂಟ್ ಹೋಗಲಿಲ್ಲ. ಒಂದು ಸುತ್ತು ಓಡಿಸಿದಳು. ಒಂದು ತಿರುವಿನಲ್ಲೂ ಕಾರು ತಡವರಿಸಲಿಲ್ಲ. ಅಷ್ಟೊತ್ತಿಗೆ ಭಾವ ದೊಡ್ಡ ಪೆಟ್ಟಿಗೆ ಹೊತ್ತು ಬಂದರು.

"ಅದನ್ನ ಬಿಚ್ಬೇಡಿ ಭಾವ. ನಾಳೆ ಇದ್ರಲ್ಲೇ ಆಡ್ತೀನಿ."

"ತಲೆ ಕೆಟ್ಟಿದ್ಯಾ ನಿಂಗೆ?"

"ಕೆಟ್ಟಿದ್ದು ತಲೆ ಅಲ್ಲ, ವಯರು." ಆಮೇಲೆ ನನ್ನ ಕಡೆ ತಿರುಗಿದಳು. "ನಾಳೆ ನೀವು ಬರ್ಬೇಕು. ರೇಸ್ ಮುಗೀಲಿ, ಆಮೇಲೆ ವಿಚಾರಿಸ್ಕೋತೀನಿ."

ಭಾನುವಾರ ಹಾಲಿನಲ್ಲಿ ನಾವು ನಾಲ್ಕೇ ಜನ. ಭಾವ ಬಿಚ್ಚದ ಪೆಟ್ಟಿಗೆಯ ಮೇಲೆ ಮುಖ ಗಂಟು ಹಾಕಿಕೊಂಡು ಕೂತಿದ್ದರು. ಅಮ್ಮ ಮಾತ್ರ ಬೀದಿಯ ಲೈಟುಗಳ ಕಡೆಗೊಂದು ಕಣ್ಣಿಟ್ಟಿದ್ದರು.

ಇಪ್ಪತ್ತು ಕಾರುಗಳು. ಮೊದಲ ಸುತ್ತಿಗೆ ಹದಿನಾಲ್ಕನೆಯವಳು. ಐದನೇ ಸುತ್ತಿಗೆ ಆರನೆಯವಳು. ಎರಡು ವರ್ಷ ಕಟ್ಟಿ ಹಾಕಿದ್ದ ಎತ್ತು ಕೊನೆಗೂ ಎದ್ದು ನಿಂತಿತ್ತು. ಕೊನೆಯ ಸುತ್ತಿಗೆ ಎರಡನೆಯವಳು. ಮುಂದಿದ್ದದ್ದು ಒಂದೇ ಒಂದು ನೀಲಿ ಕಾರು.

ಆಗ ಆಟದಲ್ಲಿ ಬಿರುಗಾಳಿ ಎದ್ದಿತು. ಪರದೆ ಪೂರ್ತಿ ಮಣ್ಣಿನ ಬಣ್ಣ. ರಸ್ತೆಯಿಲ್ಲ, ಗೋಡೆಯಿಲ್ಲ, ಏನೂ ಇಲ್ಲ.

"ನಿಂತ್ಹೋಯ್ತಾ?" ಅಂತ ಭಾವ ಚೀರಿದರು.

"ಷ್!" ಅಂದಳು. ಕಣ್ಣು ಮುಚ್ಚಿದಳು. ತಲೆ ಸ್ವಲ್ಪ ವಾಲಿಸಿ ಇಂಜಿನ್ ಸದ್ದಿಗೆ ಕಿವಿ ಕೊಟ್ಟಳು.

ಉಳಿದವರೆಲ್ಲ ಧೂಳಿಗೆ ಹೆದರಿ ಬ್ರೇಕ್ ಒತ್ತಿದರು. ಅವಳೊಬ್ಬಳು ಒತ್ತಲಿಲ್ಲ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಎರಡು ವರ್ಷ ದಿನಾ ಇದನ್ನೇ ಮಾಡಿದವಳು ಅವಳು. ಧೂಳು ಇಳಿದಾಗ ನೀಲಿ ಕಾರು ಹಿಂದಿತ್ತು. ಮುಂದೆ ಬರೀ ಗೆರೆ. ದಾಟಿದಳು!

ಭಾವ ಎಗರಿ ಕುಣಿದರು. ಪೆಟ್ಟಿಗೆಯ ಒಂದು ಮೂಲೆ ಚಪ್ಪಟೆಯಾಯಿತು. "ಇದನ್ನ ವಾಪಸ್ ತಗೋತಾರೋ ಇಲ್ವೋ!" ಅಂತ ನಗುತ್ತಲೇ ಅದನ್ನು ಹೊತ್ತುಕೊಂಡು ಹೊರಟರು. ಅಮ್ಮ ಕಣ್ಣೊರೆಸಿಕೊಂಡು ಪಕ್ಕದ ಮನೆಗೆ ಸುದ್ದಿ ಮುಟ್ಟಿಸಲು ಓಡಿದರು.

ಹಾಲಿನಲ್ಲಿ ಇಬ್ಬರೇ ಉಳಿದೆವು. ಅವಳು ಕುರ್ಚಿ ತಿರುಗಿಸಿದಳು.

"ಈಗ ನಿಮ್ಮ ವಿಚಾರಣೆ. ಅವತ್ತು ಎಷ್ಟು ಹೊತ್ತು ನೋಡಿದ್ರಿ?"

"ಎರಡು ನಿಮಿಷ."

"ಹತ್ತರಿಂದ ಭಾಗಿಸ್ಲಾ?"

"ಇದೊಂದನ್ನ ಗುಣಿಸಿ."

ಎಡಗಣ್ಣು ಕಿರಿದಾಯಿತು. ಆಮೇಲೆ ಎರಡೂ ಕಣ್ಣು ನಕ್ಕವು. "ಇಪ್ಪತ್ತೇ ನಿಮಿಷಾನಾ? ಡ್ಯೂಟಿ ಮುಗಿಸಿ ಬಂದಾಗ್ಲೆಲ್ಲ ಈ ಬೀದೀಲಿ ಯಾವ ಅಂಗಡಿ ಮುಂದೆ ಗಾಡಿ ನಿಧಾನ ಮಾಡ್ತೀನಿ ಅಂತ ಒಂದ್ಸಲನಾದ್ರೂ ನೋಡಿದ್ಯಾ ನೀನು? ಬುರುಡೆ, ನಿನ್ನ ಕಣ್ಣು ಬೇಕಾದಾಗೆಲ್ಲ ಬೇರೆ ಕಡೆನೇ ಇರುತ್ತೆ."

"ಇನ್ಮೇಲೆ ಇರಲ್ಲ."

"ಇದು ಬುರುಡೆನಾ?"

"ಅಲ್ಲ."

ಅವಳು ಆ ಕೆಂಪು ಟೇಪನ್ನು ಕಿತ್ತು ನನ್ನ ಅಂಗಿಯ ಮೇಲೆ, ಎದೆಯ ಎಡಕ್ಕೆ ಅಂಟಿಸಿದಳು. "ಇದು ನನ್ನ ಬಿಟ್ಟು ಬೇರೆ ಕಡೆ ಹೋದ್ರೆ ನನ್ನ ಕರೆಂಟ್ ಹೋಗುತ್ತೆ," ಅಂದಳು.

ಮಾರನೇ ದಿನ ಅವಳು ರಜೆಗೆ ಮುಂಚಿನ ಕೊನೆಯ ಡ್ಯೂಟಿ ಮುಗಿಸಿ, ಗಾಡಿ ಬಿಡಲು ಹೊರಟು ಅಂಗಡಿಯ ಮುಂದೆ ನಿಲ್ಲಿಸಿದಳು. ಮುಂದಿನ ಸೀಟಿನಲ್ಲಿ ನನ್ನನ್ನು ಕೂರಿಸಿ, ತಾನೇ ಬೆಲ್ಟ್ ಹಾಕಿದಳು. ಖಾಲಿ ರಸ್ತೆ. ಹಿಂದೆ ಯಾರೂ ನರಳುತ್ತಿರಲಿಲ್ಲ. ಪಕ್ಕದಲ್ಲಿ ಕೂತವನ ಎದೆ ಮಾತ್ರ ಏಳು ಬೀದಿಗೆ ಕೇಳುವ ಹಾಗೆ ಹೊಡೆದುಕೊಳ್ಳುತ್ತಿತ್ತು.

ಇದನ್ನು ಯಾವುದರಿಂದಲೂ ಭಾಗಿಸಬೇಡಿ.